ಚೌಕಟ್ಟು ತುಂಬಿದ ಕೆರೆ

ಕೆರೆಗೆ ಮಣ್ಣು ಸುರಿದು ಬಡಾವಣೆ ಎಬ್ಬಿಸುತ್ತಿದ್ದಾರೆಂದು ಅಕ್ಕ ಅರ್ಜಿ ಹಾಕಿದಾಗ ಕಚೇರಿಯವರು ಪುರಾವೆ ಕೇಳಿದರು. ಅವರ ನಕ್ಷೆಯಲ್ಲಿ ಕೆರೆಯೆಂದರೆ ಒಂದು ನೀಲಿ ಚುಕ್ಕೆ, ಅಷ್ಟೇ. ಅಕ್ಕ ಚಿಂತಿಸಲಿಲ್ಲ. ಅದೇ ಕೆರೆಯ ಫೋಟೋವನ್ನು ವರ್ಷವರ್ಷವೂ ಕ್ಯಾಲೆಂಡರಿಗಾಗಿ ತೆಗೆಯುತ್ತ ತಲೆ ನರೆಸಿಕೊಂಡ ತಮ್ಮನೊಬ್ಬನಿದ್ದನಲ್ಲ.

ಸ್ಟುಡಿಯೋದ ಮೇಜಿನ ಮೇಲೆ ಅವನು ಫೋಟೋಗಳನ್ನು ಹರಡಿದ. ಅಕ್ಕ ಕನ್ನಡಕ ಮೇಲೇರಿಸಿ ಬಗ್ಗಿದಳು.

"ಇದೇನೋ, ಎಲ್ಲಾದ್ರಲ್ಲೂ ಕೆರೆಯಮ್ಮ ಮದುವಣಗಿತ್ತಿ ಥರ ಕೂತಿದಾಳೆ! ಆ ಕಟ್ಟಡಗಳೆಲ್ಲ ಎಲ್ಲೋ?"

"ನನ್ನ ಬೆನ್ನ ಹಿಂದೆ ಇವೆ, ಅಕ್ಕ."

"ನೀರೂ ಅಷ್ಟೇ ಇದೆಯಲ್ಲೋ. ಆಗ್ಲೂ ಅಂಚಿಂದ ಅಂಚಿಗೆ, ಈಗ್ಲೂ ಅಂಚಿಂದ ಅಂಚಿಗೆ."

ದಂಡೆ ಒಳಗೆ ಸರಿದ ಹಾಗೆಲ್ಲ ಅವನೂ ಟ್ರೈಪಾಡನ್ನು ಮುಂದಕ್ಕೆ ಒಯ್ದಿದ್ದ. ಮಣ್ಣಿನ ಗುಡ್ಡೆ, ಕಬ್ಬಿಣದ ಕಂಬಿ, ಕ್ರೇನು ಯಾವುದೂ ಚಿತ್ರದೊಳಗೆ ಬರಕೂಡದು. ನೀರು ಚೌಕಟ್ಟು ತುಂಬಬೇಕು. ಕೆರೆ ಕುಗ್ಗಿದಷ್ಟೂ ಹತ್ತಿರ ಹೋಗಿದ್ದ. ದುಡ್ಡು ಕೊಟ್ಟು ಗೋಡೆಗೆ ಕಸ ತೂಗುಹಾಕುವವರು ಯಾರು?

"ಇವನ್ನ ಕೊಡೋದೇ ಬೇಡ ಬಿಡು" ಅಂದಳು ಅಕ್ಕ. "ಬಾಯ್ಮಾತಲ್ಲೇ ಹೇಳೋಣ."

ಅವರು ಕೊಡದೆ ಬಿಟ್ಟದ್ದನ್ನು ವಿಚಾರಣೆಯ ದಿನ ಬಿಲ್ಡರ್ ಕಡೆಯ ವಕೀಲ ತಂದಿದ್ದ. ಹಳೆಯ ಕ್ಯಾಲೆಂಡರುಗಳ ಒಂದು ಕಟ್ಟು. ಅಧಿಕಾರಿ ಒಂದೊಂದನ್ನೇ ಬಿಡಿಸಿ ನೋಡಿದರು.

"ಏನ್ ಚೆಂದ ತೆಗ್ದಿದೀರ್ರೀ! ನಿಮ್ಮವೇ ತಾನೆ?"

"ಹೌದು ಸಾರ್."

"ಕಂಪ್ಯೂಟರಲ್ಲಿ ಏನಾದ್ರೂ ತಿದ್ದಿದೀರಾ?"

ತಿದ್ದಿರಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು.

"ಇಲ್ಲ ಸಾರ್. ಆದ್ರೆ ನಾನು ಪ್ರತಿ ಸಲ ಮುಂದೆ ಮುಂದೆ ಹೋಗಿ ನಿಂತ್ಕೊಂಡು..."

"ಎಷ್ಟು ಮುಂದೆ?" ವಕೀಲ ಕೇಳಿದ. "ಎಲ್ಲಾದ್ರೂ ಗುರುತು ಮಾಡಿಟ್ಟಿದೀರಾ?"

ಮಾಡಿಟ್ಟಿರಲಿಲ್ಲ. ನಿಲ್ಲುವ ಜಾಗವನ್ನು ಅವನ ಕಾಲುಗಳೇ ಹುಡುಕಿಕೊಳ್ಳುತ್ತಿದ್ದವು. ಹಿಂದೆ ನಿಂತಿದ್ದ ಜಾಗಗಳ ಮೇಲೆಲ್ಲ ಈಗ ಯಾರದೋ ಅಡುಗೆಮನೆ, ಯಾರದೋ ಬಚ್ಚಲು.

ಅಕ್ಕ ಎದ್ದು ನಿಂತಳು. "ಸಾರ್, ಕಣ್ಣಾರೆ ನೋಡಿದೀನಿ ನಾನು. ದಿನಾ ಲಾರಿ..."

"ನಾನೂ ಕಣ್ಣಾರೆನೇ ನೋಡ್ತಿದೀನಲ್ಲ ತಾಯಿ" ಅಧಿಕಾರಿ ಮೆತ್ತಗೆ ಹೇಳಿ, ಕ್ಯಾಲೆಂಡರನ್ನು ಅವಳ ಕಡೆ ತಿರುಗಿಸಿದರು. "ನೀರು ಇದ್ದ ಹಾಗೇ ಇದೆ. ನಿಮ್ಮ ತಮ್ಮನೇ ತೆಗ್ದಿರೋದು."

ಅರ್ಜಿ ವಜಾ ಆಯಿತು.

ಮೆಟ್ಟಿಲಿಳಿಯುವಾಗ ಅವನಿಗೆ ತಡೆಯಲಾಗಲಿಲ್ಲ. "ನನ್ನ ಬೈಯಿ ಅಕ್ಕಾ."

"ಏನಂತ ಬೈಲಿ?" ಅಂದಳು ಅಕ್ಕ. "ಚೆನ್ನಾಗೇ ತೆಗ್ದಿದೀಯ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ.

ಇಬ್ಬರೂ ಬಸ್ಸಿಗಾಗಿ ನಿಂತರು. ವಿಚಾರಣೆ ಮುಗಿಯಲೆಂದು ರಸ್ತೆ ಬದಿಯಲ್ಲಿ ಕಾದಿದ್ದ ಮಣ್ಣಿನ ಲಾರಿಗಳು ಒಂದರ ಹಿಂದೊಂದು ಕೆರೆಯ ದಾರಿ ಹಿಡಿದವು. ಮೊದಲನೆಯ ಲಾರಿಯ ಡ್ರೈವರು ಅಕ್ಕನ ಸೀರೆಗೆ ಧೂಳು ಹಾರದಿರಲೆಂದು ವೇಗ ತಗ್ಗಿಸಿ, ನಿಧಾನವಾಗಿ ದಾಟಿಹೋದ.