ಹಿಂದಿನ ಸಾಲಿನ ಕಿವಿ

ನಮ್ಮ ವಡಾಲದ ಚಾಳಿನಲ್ಲಿ ಗದಿಗೆಪ್ಪನವರು ಅಹಂಕಾರ ಬಿಟ್ಟವರೆಂದು ಹೆಸರಾಗಿದ್ದರು. ಆ ಹೆಸರನ್ನು ಹಬ್ಬಿಸಿದವರೂ ಅವರೇ. ಧಾರವಾಡದ ಕಡೆಯವರು, ಬಂದರಿನಲ್ಲಿ ಗುಮಾಸ್ತಿಕೆ. ಭಾನುವಾರ ಬಂತೆಂದರೆ ಮಾಟುಂಗದ ಕನ್ನಡ ಸಂಘದಲ್ಲಿ ‘ನಾನು ಎಂಬುದೇ ಸುಳ್ಳು’ ಎಂದು ತಾಸುಗಟ್ಟಲೆ ಉಪನ್ಯಾಸ ಮಾಡುತ್ತಿದ್ದರು. ಯಾರಾದರೂ ಆಕಳಿಸಿದರೆ ಮಾತ್ರ ಆ ಸುಳ್ಳಿಗೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ಕನ್ನಡ ನಾಡು ಒಂದಾದ ವರ್ಷ ಸಂಘದವರು ಗ್ರೂಪ್ ಫೋಟೋ ತೆಗೆಸಲು ಹೊರಟರು. ನಡುವಿನ ಕುರ್ಚಿ ತಮ್ಮದೇ ಎಂದು ಗದಿಗೆಪ್ಪನವರು ತಲೆಗೆ ಸುತ್ತಲು ಹೊಸ ರುಮಾಲು ಕೊಂಡರು, ಫೋಟೋ ತೂಗುಹಾಕಲು ಮನೆಯ ಗೋಡೆಗೆ ಮೊದಲೇ ಮೊಳೆ ಹೊಡೆದರು.

“ಅಹಂಕಾರ ಬಿಟ್ಟಾವ್ರಿಗೆ ಹೊಸ ರುಮಾಲ ಯಾಕ್ರೀ?” ಎಂದರು ಹೆಂಡತಿ ಕಾಶವ್ವ.

“ಅದು ನನಗಲ್ಲ, ಸಂಘದ ಮರ್ಯಾದಿಗೆ.”

ಫೋಟೋದ ದಿನ ಸಂಘದ ಕಾರ್ಯದರ್ಶಿ, ಉಡುಪಿ ಹೋಟೆಲಿನ ರಮಾನಾಥರು, ಕುರ್ಚಿ ತೋರಿಸಿ ಕರೆದರು. “ಬನ್ನಿ ಗದಿಗೆಪ್ಪನವ್ರೇ, ನಡುವಿಗೆ ನೀವೇ ಕೂತ್ಕೊಳ್ಳಿ.”

“ಛೇ ಛೇ, ನನಗ್ಯಾಕ್ರೀ ಕುರ್ಚಿ? ನಾ ಹಿಂದ ನಿಂದರ್ತೀನಿ.”

ನಮ್ಮ ಧಾರವಾಡದ ಕಡೆ ಇದರ ಅರ್ಥ ಬೇಡವೆಂದಲ್ಲ. ಊಟಕ್ಕೆ ಕರೆದರೂ ನಾವು ಮೊದಲು ಒಲ್ಲೆನೆನ್ನಬೇಕು, ಕರೆದವರು ಕೈಹಿಡಿದು ಎಳೆದು ಕೂರಿಸಬೇಕು. ರಮಾನಾಥರಾದರೋ ಕರಾವಳಿಯವರು, ಮೇಲಾಗಿ ಹೋಟೆಲಿನವರು. ಗಿರಾಕಿ ಬೇಡವೆಂದರೆ ಅವರು ಮುಂದಿನ ಟೇಬಲ್ಲಿಗೆ ಹೋಗುತ್ತಾರೆ.

“ಹಾಗೇ ಆಗಲಿ ಮಾರಾಯ್ರೆ,” ಎಂದವರೇ ಪಕ್ಕದಲ್ಲಿದ್ದ ಅರಿವೆ ಅಂಗಡಿಯ ಸಿದ್ದಲಿಂಗಪ್ಪನನ್ನು ಕೂರಿಸಿಬಿಟ್ಟರು.

ಗದಿಗೆಪ್ಪನವರು ಹಿಂದಿನ ಸಾಲಿಗೆ ಬಲು ನಿಧಾನವಾಗಿ ನಡೆದರು, ಯಾರಾದರೂ ಕರೆಯಲೆಂದು. ಯಾರೂ ಕರೆಯಲಿಲ್ಲ. ನನಗೆ ನಗುವೂ ಬಂತು, ಪಾಪ ಅಂತಲೂ ಅನಿಸಿತು.

ಫೋಟೋ ಬಂದ ದಿನ ಕಾಶವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. “ನೀವೆಲ್ಲೀರಿ ಇದರಾಗ?”

ಗದಿಗೆಪ್ಪನವರು ಸಾಲು ಸಾಲಾಗಿ ಹುಡುಕಿದರು. ಕೊನೆಗೆ ಯಾರದೋ ತಲೆಗೆ ಸುತ್ತಿದ ದೊಡ್ಡ ಪಟಗದ ಹಿಂದೆ ಕಾಶವ್ವನಿಗೇ ಒಂದು ಕಿವಿ ಸಿಕ್ಕಿತು. “ಇದು ನಿಮ್ಮದ. ತುದಿ ಮಡಚಿದ ಕಿವಿ ನಿಮ್ಮದ ಒಂದ.”

ಆ ಸಂಜೆ ಅವರು ರೊಟ್ಟಿ ಮುಟ್ಟಲಿಲ್ಲವಂತೆ. ಕಾಶವ್ವ ಮೊಳೆ ಕೀಳಲು ಹೋದರೆ ಬೇಡವೆಂದರಂತೆ.

ಮುಂದಿನ ಭಾನುವಾರ ನಾನು ಅವರ ಖೋಲಿಗೆ ಹೋದಾಗ ಫೋಟೋ ಕಟ್ಟು ಹಾಕಿಸಿಕೊಂಡು ಅದೇ ಮೊಳೆಯಲ್ಲಿ ತೂಗುತ್ತಿತ್ತು. ಗದಿಗೆಪ್ಪನವರು ನನ್ನ ಕೈಹಿಡಿದು ಎಳೆದೊಯ್ದು ಆ ಕಿವಿಯ ಮೇಲೆ ಬೆರಳಿಟ್ಟರು. ಮುಖ ಬೆಳಗುತ್ತಿತ್ತು.

“ನೋಡ್ರಿ! ಇಡೀ ಸಂಘದಾಗ ನನ್ನಷ್ಟು ಹಿಂದ ನಿಂತಾವ ಇನ್ನೊಬ್ಬನರ ಅದಾನೇನು?”