ಹೊರಗಿನ ಚಿಲಕ

ಮನೆಗೆ ಯಾರಾದರೂ ಬಂದರೆ ಅಕ್ಕನನ್ನು ಹಿಂದಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಹದಿನಾರು ವರ್ಷ ಹಾಗೆಯೇ ನಡೆಯಿತು.

ಚಿಲಕ ಹಾಕುವ ಕೆಲಸ ತಂಗಿಯದು. ಆರು ವರ್ಷದವಳಿದ್ದಾಗ ಸ್ಟೂಲ್ ಹತ್ತಿ ಹಾಕುತ್ತಿದ್ದಳು. ಅವಳು ಹಾಕಿದರೆ ಅಕ್ಕ ಅಳುವುದಿಲ್ಲ ಎಂಬುದನ್ನು ಅಮ್ಮ ಬೇಗ ಕಂಡುಕೊಂಡಿದ್ದಳು.

ಅಕ್ಕನಿಗೆ ಹನ್ನೆರಡನೇ ವಯಸ್ಸಿಗೇ ಫಿಟ್ಸ್ ಶುರುವಾಗಿತ್ತು. ಊರಲ್ಲಿ ಡಾಕ್ಟರಿಗೆ ಬರವಿರಲಿಲ್ಲ. ಆದರೆ ಡಾಕ್ಟರ ಬಾಗಿಲಲ್ಲಿ ಕೂತರೆ ನಾಲ್ಕು ಜನ ನೋಡುತ್ತಾರೆ, ನೋಡಿದವರು ಆಡಿಕೊಳ್ಳುತ್ತಾರೆ, ಆಮೇಲೆ ಚಿಕ್ಕವಳನ್ನು ಯಾರು ಮದುವೆಯಾಗುತ್ತಾರೆ? ರೋಗಿಯನ್ನೇ ಮುಚ್ಚಿಡುವ ಈ ಪದ್ಧತಿಗೆ ಆ ಬೀದಿಯ ಮನೆಮನೆಯಲ್ಲೂ ಮರ್ಯಾದೆ ಎಂದೇ ಹೆಸರು. ಅಪ್ಪನದು ಕನ್ನಡಕದ ಅಂಗಡಿ. ಬೀದಿಯವರ ಕಣ್ಣೆಲ್ಲ ಪರೀಕ್ಷಿಸುವ ಅಪ್ಪ ಮನೆಯಲ್ಲಿ ಹಿಂದಿನ ಕೋಣೆಯ ಕಡೆ ಕಣ್ಣೆತ್ತುತ್ತಿರಲಿಲ್ಲ.

ಪದವಿಯ ಮೂರು ವರ್ಷದಲ್ಲಿ ತಂಗಿ ಒಬ್ಬ ಗೆಳತಿಯನ್ನೂ ಮನೆಗೆ ಕರೆತರಲಿಲ್ಲ. ಕರೆತಂದರೆ ಚಿಲಕ ಹಾಕಬೇಕು. ಬರಬರುತ್ತ ಗೆಳತಿಯರೇ ಇಲ್ಲವಾದರು. ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಒಂದು ದಿನ ಪುಸ್ತಕದಲ್ಲಿ ಓದಿದಳು: ಈ ಕಾಯಿಲೆಗೆ ಮಾತ್ರೆ ಇದೆ, ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಓಡಿ ಬಂದು ಅಮ್ಮನಿಗೆ ಹೇಳಿದಳು.

"ಪುಸ್ತಕದಲ್ಲಿ ಸಾವಿರ ಬರೀತಾರೆ. ಔಷಧಿ ಚೀಟಿ ಮೇಲೆ ಅವಳ ಹೆಸರು ಬಂದ್ರೆ ಮುಗೀತು. ಮೆಡಿಕಲ್ ಶಾಪಿನವನ ಬಾಯಿಗೆ ನೀನು ಬೀಗ ಹಾಕ್ತೀಯಾ?"

ತಾನೇ ಡಾಕ್ಟರಾಗುವುದೆಂದು ತಂಗಿ ಅಂದೇ ನಿಶ್ಚಯಿಸಿದಳು. ಪದವಿ ಮುಗಿಸಿದ ಮೇಲೆ ಊರಿನ ಕಡೆ ಅವಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಹೊರದೇಶದ ಒಂದು ಕಾಲೇಜು ಪದವೀಧರರನ್ನೇ ತೆಗೆದುಕೊಳ್ಳುತ್ತಿತ್ತು. ಅರ್ಜಿ ಹಾಕಿದಳು, ಪರೀಕ್ಷೆ ಪಾಸಾದಳು. ಉಳಿದದ್ದು ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಸಂದರ್ಶನ. ಅದಕ್ಕೆ ತಯಾರು ಮಾಡಿದವಳು ಅಕ್ಕ. ನೆಂಟರು ಬಂದಾಗ ತಂಗಿ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅಕ್ಕ ಒಳಗಿನಿಂದ ಕೇಳುತ್ತಿದ್ದಳು.

"ಡಾಕ್ಟರ್ ಯಾಕಾಗ್ಬೇಕು ನೀವು?"

"ಜನಸೇವೆ ಮಾಡೋಕೆ."

"ಮೂರನೇ ಸಲ ಅದೇ ಪಾಠ ಒಪ್ಪಿಸ್ತಿದೀಯ. ನಾನಾಗಿದ್ರೆ ಸೀಟು ಕೊಡಲ್ಲಮ್ಮ. ಮುಂದಿನವರನ್ನ ಕರೀರಿ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಡುವೆ ಬಾಗಿಲಿತ್ತು.

ಸಂದರ್ಶನದ ದಿನ ಬೆಳಗ್ಗೆ ಅಕ್ಕ ಅಡುಗೆಮನೆಯಲ್ಲಿ ಬಿದ್ದಳು. ತಂಗಿ ಮಗ್ಗುಲಿಗೆ ತಿರುಗಿಸಿ ಪಕ್ಕದಲ್ಲೇ ಕೂತಳು. ಎಚ್ಚರ ಬಂದು ಅಕ್ಕ ಗೋಡೆಗೊರಗಿದಾಗ ತುಟಿಯಲ್ಲಿ ರಕ್ತವಿತ್ತು. ಅಪ್ಪ ಗಡಿಯಾರ ನೋಡಿದರು.

"ಹತ್ತು ನಿಮಿಷ ಇದೆ. ಒಳಗೆ ಕಳಿಸಿ ಚಿಲಕ ಹಾಕು."

"ಮತ್ತೆ ಬರಬಹುದು ಅಪ್ಪ. ಒಳಗೆ ಬಿದ್ರೆ ಯಾರು ನೋಡ್ತಾರೆ? ಹಿಂದೊಮ್ಮೆ ಒಳಗೆ ಬಿದ್ದು ಹಲ್ಲು ಮುರಿದಾಗ ನೀವೆಲ್ಲ ನೆಂಟರ ಜೊತೆ ನಗ್ತಾ ಕೂತಿದ್ರಿ. ಚಿಲಕ ಹಾಕಿದ್ದು ನಾನೇ."

"ಆ ಪರದೇಶದವರು ಇವಳನ್ನ ಕಂಡ್ರೆ ಸೀಟು ಕೊಡ್ತಾರಾ?"

"ಅವರು ಡಾಕ್ಟರುಗಳು. ಅವರಿಂದಲೂ ಕಾಯಿಲೆ ಮುಚ್ಚಿಡೋದಾ?"

"ಇಷ್ಟು ವರ್ಷ ಮುಚ್ಚಿಟ್ಟಿದ್ದು ಯಾರಿಗೋಸ್ಕರ?" ಎಂದಳು ಅಮ್ಮ. "ನಿನಗೋಸ್ಕರ ತಾನೇ?"

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಎದ್ದಳು. ಯಾರೂ ಕೈಹಿಡಿದು ನಡೆಸದೆ, ತಾನಾಗಿಯೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕವೊಂದು ಬಾಕಿ.

ತಂಗಿ ಬಾಗಿಲು ತೆರೆದಳು. ಅಕ್ಕನ ತೋಳು ಹಿಡಿದು ಕರೆತಂದು ಕಂಪ್ಯೂಟರಿನ ಮುಂದೆ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಪರದೆಯಲ್ಲಿ ನರೆತ ಕೂದಲಿನ ಹೆಂಗಸಿನ ಮುಖ ಮೂಡಿತು. ಅಭ್ಯರ್ಥಿ ಒಬ್ಬರೇ ಇರಬೇಕೆಂಬುದು ನಿಯಮ, ಪಕ್ಕದಲ್ಲಿರುವವರು ಹೊರಗೆ ಹೋಗಲಿ ಎಂದಳು ಆಕೆ.

"ಇವಳು ನನ್ನ ಅಕ್ಕ. ಬೆಳಗ್ಗೆ ಫಿಟ್ಸ್ ಬಂದಿದೆ. ಒಬ್ಬಳನ್ನೇ ಬಿಡೋ ಹಾಗಿಲ್ಲ. ಬೇಕಾದರೆ ಸಂದರ್ಶನ ನಿಲ್ಲಿಸಿ."

ಹದಿನಾರು ವರ್ಷದಲ್ಲಿ ಆ ಮಾತು ಮನೆಯಿಂದಾಚೆ ಹೋದದ್ದು ಅದೇ ಮೊದಲು. ಅಕ್ಕ ಏಳಲು ಹೋದಳು. ತಂಗಿ ಅವಳ ಕೈ ಬಿಡಲಿಲ್ಲ.

"ಅವರೇ ಹೇಳ್ತಿದಾರಲ್ಲ," ಬಾಗಿಲ ಮರೆಯಿಂದ ಅಪ್ಪನ ಪಿಸುದನಿ. "ಹೋಗಿ ಚಿಲಕ ಹಾಕು."

"ಹಾಕಲ್ಲ, ಅಪ್ಪ."