ಒಂಬತ್ತನೆಯ ಬಾಟಲಿ

ದವಾಖಾನೆಗೆ ಬರುವವರು ಮನೆಯಿಂದ ಬಾಟಲಿ ತರಬೇಕು. ಇಂಡಿ ತಾಲೂಕಿನ ಆ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆಯಾ ರೇವವ್ವ ಬಾಟಲಿ ತೊಳೆದು ಕೊಡುತ್ತಾಳೆ. ಕಂಪೌಂಡರ್ ಶಂಕ್ರೆಪ್ಪ ಅದಕ್ಕೆ ಕೆಂಪು ಔಷಧಿ ತುಂಬಿ, ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಾನೆ. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧಿ ಕುಡಿದಂತೆ. ಪಟ್ಟಿಯ ಮೇಲೆ ರೋಗಿಯ ಹೆಸರು, ತಾರೀಖು. ಜ್ವರಕ್ಕೂ ಅದೇ ಕೆಂಪು ನೀರು, ಹೊಟ್ಟೆನೋವಿಗೂ ಅದೇ. ಆ ಮಾತು ಬೇರೆ.

ಎಪ್ಪತ್ತೆಂಟರ ಚಳಿಗಾಲದಲ್ಲಿ ಧಾರವಾಡದಿಂದ ದವಾಖಾನೆಗಳ ವರದಿ ಬರೆಯುವ ಹೆಣ್ಣುಮಗಳೊಬ್ಬರು, ಊರವರ ಬಾಯಲ್ಲಿ 'ಬಾಯಾರು', ಟೇಪ್ ರೆಕಾರ್ಡರ್ ಸಮೇತ ಬಂದರು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಮುಗಿಸಿ ಬಂದಿದ್ದರು. ಉಪಚಾರ ಪಡೆದ ಎಂಟು ಜನ ಹೆಂಗಸರನ್ನು ಒಂದೆಡೆ ಕೂಡಿಸಿ, ದವಾಖಾನೆ ಹೇಗೆ ನಡೆದಿದೆ ಎಂದು ಅವರ ಬಾಯಿಂದಲೇ ಕೇಳುವುದು ಅವರ ಕೆಲಸ. ಡಾಕ್ಟರು, ಕಂಪೌಂಡರು ಹತ್ತಿರ ಸುಳಿಯಬಾರದು ಎಂಬ ಕಟ್ಟಪ್ಪಣೆ ಬೇರೆ. ಹೆಂಗಸರನ್ನು ಆರಿಸಿ ಕರೆತರುವ ಕೆಲಸ ಮಾತ್ರ ಆ ಡಾಕ್ಟರಿಗೇ ಬಂತು! ಡಾಕ್ಟರು ಅದನ್ನು ರೇವವ್ವನಿಗೆ ಹಚ್ಚಿದರು.

"ಗುಣಾಗಿ ಮನಿಗೆ ಹೋದವರನ್ನ ಕರಿ, ಛಲೋ ಮಾತಾಡೋರನ್ನ," ಎಂದರು. "ನಿನ್ನ ಕಾಯಂ ಕಾಗದ ನನ್ನ ಟೇಬಲ್ ಮ್ಯಾಲೇ ಐತಿ. ಈ ವಾರ ಸಹಿ ಮಾಡ್ತೇನಿ."

ರೇವವ್ವ ಹನ್ನೊಂದು ವರ್ಷದಿಂದ ದಿನಗೂಲಿಯ ಆಯಾ. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ನಾಳೆಯಿಂದ ಬರಬೇಡ ಎಂದು ಯಾರಾದರೂ ಒಂದು ಮಾತು ಅಂದರೆ ಮುಗಿಯಿತು, ಕೇಳುವವರಿಲ್ಲ. ಆ ಕಾಗದಕ್ಕಾಗಿ ಅವಳು ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡು ಬದುಕಿದ್ದಳು.

ಎಂಟು ಜನ ಬಂದರು. ದವಾಖಾನೆಯಿಂದ ಕರೆ ಬಂದಿದೆ ಎಂದಮೇಲೆ ಕೇಳಬೇಕೇ, ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಬಾಟಲಿ. ಬಾಯಾರಿಗೆ ನಗು ತಡೆಯಲಾಗಲಿಲ್ಲ. "ಔಷಧ ಕೊಡಾಕ ಕರದಿಲ್ರವ್ವಾ, ಮಾತಾಡಾಕ ಕರದೇವಿ," ಎಂದರು.

"ಮಾತು ಮುಗದಮ್ಯಾಲರೆ ತುಂಬಿ ಕೊಡ್ತಾರಲ್ರಿ?" ಎಂದಳು ಅವರಲ್ಲೊಬ್ಬಳಾದ ಪೀರಬಿ.

ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ಟೇಪು ತಿರುಗತೊಡಗಿತು. ಬಾಟಲಿ ತುಂಬಬೇಕಾದವನು ಶಂಕ್ರೆಪ್ಪ, ಅವನು ಕಿಟಕಿಯ ಹಿಂದೆಯೇ ನಿಂತಿದ್ದಾನೆ. ಹೆಂಗಸರು ಇನ್ನೇನು ಹೇಳಿಯಾರು? ಡಾಕ್ಟರು ದೇವರಂಥವರು, ಸೂಜಿ ನೋಯುವುದೇ ಇಲ್ಲ, ಎಲ್ಲಾ ಛಲೋ ಐತ್ರಿ. ಬಾಯಾರು ಬರೆದುಕೊಳ್ಳುತ್ತಲೇ ಇದ್ದರು. ಪಾಪ, ಅವರದು ಕೆಟ್ಟ ಮನಸ್ಸಲ್ಲ. ಆದರೆ ಒಳ್ಳೆಯ ಮನಸ್ಸಿನವರಿಗೆ ಇಷ್ಟಾದರೂ ಕಣ್ಣು ಕಾಣಬಾರದೇ?

ಅರ್ಧ ಮಾತು ಮುಗಿದಿತ್ತು, ಲಕ್ಕವ್ವ ಬಂದಳು. ಕಂಕುಳಲ್ಲಿ ಐದು ತಿಂಗಳ ಮೊಮ್ಮಗಳು, ಕೈಯಲ್ಲಿ ಒಂದು ಬಾಟಲಿ. ಅದರಲ್ಲಿ ಇನ್ನೂ ಔಷಧಿ ಉಳಿದಿತ್ತು, ಹಳೆಯ ಪಟ್ಟಿ ಹಾಗೇ ಇತ್ತು; ರೇವವ್ವ ಕಂಡೊಡನೆ ಗುರುತಿಸಿದಳು.

"ನನ್ನನ್ನ ಯಾರೂ ಕರೀಲಿಲ್ಲ. ಆದ್ರೂ ಬಂದೇನಿ," ಎಂದಳು ಲಕ್ಕವ್ವ.

"ನೀವು ಇಲ್ಲಿ ಉಪಚಾರ ತಗೊಂಡೀರೇನು?" ಎಂದರು ಬಾಯಾರು.

"ನಾ ಅಲ್ರಿ. ನನ್ನ ಮಗಳು ಸಾವಂತ್ರವ್ವ."

"ಹಂಗಾರ ಆಕಿನ್ನ ಕಳಸ್ರಿ. ಉಪಚಾರ ತಗೊಂಡವರ ಮಾತಷ್ಟ ಬೇಕು ನಮಗ."

ಎಂಟೂ ಹೆಂಗಸರು ನೆಲ ನೋಡತೊಡಗಿದರು.

"ಆಕಿ ಎಲ್ಲಿಂದ ಬರ್ತಾಳ್ರಿ? ಇಲ್ಲೇ ಸತ್ತಾಳ."

ಹಿಂದಿನ ಶ್ರಾವಣದಲ್ಲಿ ಸಾವಂತ್ರವ್ವ ಇದೇ ದವಾಖಾನೆಯಲ್ಲಿ ಹೆತ್ತಳು. ಶಂಕ್ರೆಪ್ಪ ಬಾಟಲಿ ತುಂಬಿ, ಪಟ್ಟಿಯ ಮೇಲೆ 'ಬಾಣಂತಿ ಸಾವಂತ್ರವ್ವ' ಎಂದು ತನ್ನ ಕೈಯಾರೆ ಬರೆದು ಅಂಟಿಸಿದ. ಎರಡು ಹೊತ್ತು ಕುಡಿದಳು. ಮಧ್ಯಾಹ್ನ ರಕ್ತ ಹರಿಯತೊಡಗಿತು. ರಕ್ತ ನಿಲ್ಲಿಸುವ ಸೂಜಿಮದ್ದು ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಡಾಕ್ಟರ ಕಿಸೆಯಲ್ಲಿತ್ತು, ಡಾಕ್ಟರು ಸಿಂದಗಿಯಲ್ಲಿ ಬೀಗರ ಮನೆಯ ಊಟದಲ್ಲಿದ್ದರು. ರೇವವ್ವ ಕಪಾಟಿನ ಬಾಗಿಲನ್ನು ಕೈ ಕಿತ್ತುಬರುವಂತೆ ಜಗ್ಗಿದಳು. ತೆರೆಯಲಿಲ್ಲ. ಸಂಜೆ ಡಾಕ್ಟರು ಬಂದಮೇಲೆ ಪುಸ್ತಕದಲ್ಲಿ 'ಮನೆಯಲ್ಲಿ ಹೆತ್ತವಳು, ತರುವಾಗಲೇ ಪ್ರಾಣ ಹೋಗಿತ್ತು' ಎಂದು ಬರೆದರು. ಸಾಕ್ಷಿಯ ಜಾಗದಲ್ಲಿ ರೇವವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು.

"ತರೂಮುಂದ ಸತ್ತಿದ್ಲು ಅಂತ ಪುಸ್ತಕದಾಗ ಬರದಾರ. ಹೆಣ ಔಷಧ ಕುಡೀತೈತೇನ್ರಿ?" ಲಕ್ಕವ್ವ ಬಾಟಲಿಯನ್ನು ಜಮಖಾನೆಯ ಮೇಲಿಟ್ಟಳು. "ಎರಡು ಹಲ್ಲು ಇಳದೈತಿ, ನೋಡ್ರಿ. ಚೀಟಿ ಓದ್ರಿ. ನನಗ ಓದಾಕ ಬರಂಗಿಲ್ಲ."

ಬಾಯಾರ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಕಾಗದ ನೋಡಿಕೊಂಡರು. "ಓದ್ತೇನ್ರೀ, ಖಂಡಿತ ಓದ್ತೇನಿ. ಇನ್ನ ಮೂರು ಪ್ರಶ್ನಿ ಉಳದಾವು, ಅವನ್ನ ನಡುವ ಬಿಡಾಕ ಬರಂಗಿಲ್ಲ. ಮುಗದಕೂಡ್ಲೇ ನಿಮ್ಮದ." ಎಂದು ಪೀರಬಿಯ ಕಡೆ ತಿರುಗಿ, ದವಾಖಾನೆಯ ಅಂಗಳದ ಸ್ವಚ್ಛತೆಯ ಬಗ್ಗೆ ಕೇಳತೊಡಗಿದರು.

ಕಿಟಕಿಯಿಂದ ಶಂಕ್ರೆಪ್ಪನ ದನಿ ಬಂತು: "ರೇವವ್ವಾ, ಬಾಟ್ಲಿ ತೊಳದು ತಾ. ಎಲ್ಲಾ ತಾ."

ರೇವವ್ವ ಬುಟ್ಟಿ ತಂದಳು. ಎಂಟು ಬಾಟಲಿ ಹಾಕಿಕೊಂಡಳು. ಒಂಬತ್ತನೆಯದಕ್ಕೂ ಕೈ ಚಾಚಿದಳು. ಮಗು ಅಳುತ್ತಿತ್ತು, ಲಕ್ಕವ್ವ ಅದನ್ನು ತಟ್ಟುತ್ತ ಆಚೆ ತಿರುಗಿದ್ದಳು.

ಹಿತ್ತಲಿನ ನೀರಿನ ಡ್ರಮ್ಮಿನ ಬಳಿ ಅದೊಂದನ್ನೇ ಕೊನೆಗೆ ಉಳಿಸಿಕೊಂಡಳು. ಕೈಗೆ ರೂಢಿ, ಅದರ ಪಾಡಿಗೆ ತೊಳೆಯಿತು ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಸುಳ್ಳು. ತಿಳಿದೇ ತೊಳೆದಳು. ಉಳಿದಿದ್ದ ಔಷಧಿಯನ್ನು ಮಣ್ಣಿಗೆ ಸುರಿದಳು. ಪಟ್ಟಿಯನ್ನು ನೆನೆಸಿ ಹೆಬ್ಬೆಟ್ಟಿನ ಉಗುರಿನಿಂದ ಕೆರೆದಳು. ಅಂಟು ಗಟ್ಟಿಯಿತ್ತು. ಕಣ್ಣೀರು ಬಂತು, ಆದರೂ ಕೆರೆಯುವುದನ್ನು ನಿಲ್ಲಿಸಲಿಲ್ಲ.

ಬಾಟಲಿಗಳು ತುಂಬಿ ಬಂದವು. ಬಾಯಾರ ಮೂರು ಪ್ರಶ್ನೆಗಳೂ ಮುಗಿದಿದ್ದವು. ಅವರು ಒಂಬತ್ತನೆಯ ಬಾಟಲಿ ಎತ್ತಿ ಓದಿದರು. "ಇದರಾಗ ಲಕ್ಕವ್ವ ಅಂತ ಐತಿ. ತಾರೀಖು ಇವತ್ತಿಂದೈತಿ."

ಲಕ್ಕವ್ವ ಬಾಟಲಿ ಇಸಿದುಕೊಂಡಳು. ಕುತ್ತಿಗೆಯವರೆಗೆ ಕೆಂಪು ನೀರು. ಮಗು ಆ ಬಣ್ಣಕ್ಕೆ ಕೈ ಚಾಚಿತು. ಲಕ್ಕವ್ವ ರೇವವ್ವನನ್ನು ನೋಡಿದಳು.

"ನನ್ನ ಮಗಳು ಕಡೀಗೆ ನಿನ್ನ ಕೈ ಹಿಡದು ಅವ್ವಾ ಅಂದ್ಲು ಅಂತ ನೀನ ಬಂದು ಹೇಳಿದ್ದಿಯಲ್ಲ."

"ಏನಿದು, ಆಯಾ?" ಎಂದು ಬಾಯಾರು ಕೇಳಿದರು. ಟೇಪು ತಿರುಗುತ್ತಲೇ ಇತ್ತು.

"ಹಳೇ ಬಾಟ್ಲಿ ರೀ," ಎಂದಳು ರೇವವ್ವ. "ಎಲ್ಲಾರದೂ ತೊಳದೆ, ಅದನ್ನೂ ತೊಳದೆ."

ಬಾಯಾರು ಟೇಪು ನಿಲ್ಲಿಸಿ, ಪುರಾವೆ ಇಲ್ಲದ ಮಾತನ್ನು ವರದಿಯಲ್ಲಿ ಸೇರಿಸಲು ಬರುವುದಿಲ್ಲ ಎಂದರು. ಐದು ಗಂಟೆಯ ಬಸ್ಸಿಗೆ ಹೋದರು. ಡಾಕ್ಟರು ಮಾತಿಗೆ ತಪ್ಪಲಿಲ್ಲ. ಆ ವಾರವೇ ಸಹಿ ಮಾಡಿದರು. ಕಾಯಂ ಕಾಗದದ ಮೇಲೆ ರೇವವ್ವ ಅದೇ ಹೆಬ್ಬೆಟ್ಟು ಒತ್ತಿದಳು.

ಯುಗಾದಿ ಕಳೆದು ಎಂಟು ದಿನಕ್ಕೆ ಮಗುವಿಗೆ ಜ್ವರ ಬಂತು. ಲಕ್ಕವ್ವ ಪಾಳಿಯಲ್ಲಿ ನಿಂತಳು. ಇಂಡಿಗೆ ಹೋಗುವ ಬಸ್ಸು ಅಂದು ಬಂದಿರಲಿಲ್ಲ, ಹತ್ತಿರದಲ್ಲಿ ಬೇರೆ ದವಾಖಾನೆ ಇರಲಿಲ್ಲ. ಅವಳ ಸರದಿ ಬಂದಾಗ ಅದೇ ಬಾಟಲಿಯನ್ನು ರೇವವ್ವನ ಮುಂದೆ ಹಿಡಿದಳು.

"ತೊಳಿ," ಎಂದಳು. "ನಿನಗ ಛಲೋ ತೊಳ್ಯಾಕ ಬರ್ತೈತಿ."

ರೇವವ್ವ ಬಾಟಲಿ ಇಸಿದುಕೊಂಡು ತೊಳೆದಳು.